ಎಳೆತಕ್ಕೆ ಸರಿಯುವ ಕಾಂತಭಿತ್ತಿಗಳು

ಕಬ್ಬಿಣ, ನಿಕ್ಕಲ್‌ಗಳ ಒಡಲು ಅನೇಕ ಕಿರಿಯ ಕಾಂತವಲಯಗಳಾಗಿ ವಿಭಾಗಗೊಂಡಿರುವುದೆಂದು ಫ್ರೆಂಚ್ ವಿಜ್ಞಾನಿ ಪಿಯರ್ ವೈಸ್ 1907ರಲ್ಲಿ ಪ್ರತಿಪಾದಿಸಿದನು. ನೆರೆಹೊರೆಯ ವಲಯಗಳಲ್ಲಿ ಕಾಂತತ್ವದ ದಿಕ್ಕು ಬೇರೆ ಬೇರೆ. ನಡುವಣ ಭಿತ್ತಿಯಾದರೋ ಹೊಲದ ಬದುವಿನಂತೆ ಸ್ಥಿರವಲ್ಲ.

ವಿದ್ಯಾರ್ಥಿಗಳೇ, ನಿಕ್ಕಲ್ ತಂತಿಯೊಂದನ್ನು ಸ್ಥಿತಿಸ್ಥಾಪಕತೆಯ ಮಿತಿ ಮೀರದಂತೆ ಎಳೆದೆವೆನ್ನಿ. ಕಾಂತಗೊಂಡ ದಿಕ್ಕಿನಲ್ಲಿ ಕುಗ್ಗುವುದು ಈ ಲೋಹದ ಸ್ವಭಾವ, ಆದುದರಿಂದ ಎಳೆತಕ್ಕೆ ಅಡ್ಡಲಾಗಿರುವ ವಲಯಗಳಿಗೆ ಅನುಕೂಲವೊದಗಿ ಅವು ಹಿಗ್ಗುವುವು, ಎಳೆತದ ಗುಂಟ ಇರುವುವು ಕಿರಿದಾಗುವುವು, ಭಿತ್ತಿ ಸರಿಯುವುದು. ಆದರೆ ಇಕ್ಕೆಲದ ದಿಕ್ಕುಗಳು ಪರಸ್ಪರ ನೇರ ವಿರುದ್ಧವಾಗಿದ್ದರೆ ಎಳೆತವು ಭಿತ್ತಿಯನ್ನು ತಳ್ಳಲಾರದು. ಎಳೆತಕ್ಕೆ ಗೆರೆಯಷ್ಟೇ ಗೊತ್ತು, ಬಾಣದ ಮೊನೆ ಗೊತ್ತಿಲ್ಲ! ಪರೀಕ್ಷೆಯಲ್ಲಿ ಹಲವರು ಎಡವುವುದು ಇಲ್ಲಿಯೇ.

ಲೋಹದಲ್ಲಿರುವ ಕಲ್ಮಷಗಳು ಭಿತ್ತಿಗಳನ್ನು ಹಿಡಿದು ನಿಲ್ಲಿಸುವುದೂ ಉಂಟು. ಉಕ್ಕಿನ ದಂಡಕಾಂತವು ನೆಲಕ್ಕೆ ಬಿದ್ದರೆ ಆ ಪೆಟ್ಟಿಗೆ ಅವು ಬಿಡಿಸಿಕೊಂಡು ಸರಿಯುವುವು. ಕಾಂತದ ಬಲ ಕುಂದುವುದು.