ವಿಕಲಚೇತನ ಮಗುವಿನ ಮನೆ ಬಾಗಿಲಲ್ಲಿ

ಇತ್ಬಾನ್ ಬಿನ್ ಮಾಲಿಕ್(ರ) ಮದೀನದ ಅನ್ಸಾರ್‌ಗಳಲ್ಲಿ ಒಬ್ಬರು. ತಮ್ಮ ಗೋತ್ರದವರಿಗೆ ನಮಾಝ್‌ನ ನೇತೃತ್ವ ನೀಡುತ್ತಿದ್ದವರು. ಕ್ರಮೇಣ ಅವರ ದೃಷ್ಟಿ ಮಂದವಾಯಿತು. ಮಳೆಗಾಲದಲ್ಲಿ ಮನೆಗೂ ಮಸೀದಿಗೂ ನಡುವಿನ ಕಣಿವೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು, ಅವರಿಂದ ದಾಟಲಾಗುತ್ತಿರಲಿಲ್ಲ. ತಮ್ಮ ಮನೆಗೆ ಬಂದು ಒಂದೆಡೆ ನಮಾಝ್ ನಿರ್ವಹಿಸಬೇಕು, ಆ ಜಾಗವನ್ನೇ ತಾನು ನಮಾಝ್‌ನ ಸ್ಥಳವಾಗಿ ಮಾಡಿಕೊಳ್ಳುತ್ತೇನೆ ಎಂದು ಅವರು ಪ್ರವಾದಿವರ್ಯರಲ್ಲಿ(ಸ) ವಿನಂತಿಸಿಕೊಂಡರು. ಮರುದಿನ ಬೆಳಿಗ್ಗೆಯೇ ಪ್ರವಾದಿವರ್ಯರು(ಸ) ಅಬೂಬಕರ್‌ರ(ರ) ಜೊತೆ ಹೊರಟು ಬಂದರು. ಅನುಮತಿ ಕೇಳಿ ಒಳಗೆ ಬಂದವರು ಕುಳಿತುಕೊಳ್ಳುವುದಕ್ಕೂ ಮುಂಚೆ, ನಿಮ್ಮ ಮನೆಯ ಯಾವ ಭಾಗದಲ್ಲಿ ನಾನು ನಮಾಝ್ ಮಾಡಬೇಕೆಂದು ನೀವು ಬಯಸುತ್ತೀರಿ ಎಂದು ವಿಚಾರಿಸಿದರು. ಇತ್ಬಾನ್(ರ) ಒಂದು ಮೂಲೆಯನ್ನು ತೋರಿಸಿದರು. ಅಲ್ಲೇ ಎರಡು ರಕಅತ್ ನಮಾಝ್ ನಡೆಯಿತು. ಬುಖಾರಿಯಲ್ಲಿರುವ ಈ ಘಟನೆಯನ್ನು ನಾವು ಎಷ್ಟೋ ಸಲ ಓದಿದ್ದೇವೆ, ಪಾಠ ಮಾಡಿದ್ದೇವೆ.

ಆದರೆ ಆ ಪ್ರಶ್ನೆಯನ್ನು ನಾವು ಗಮನಿಸಿದ್ದೇವೆಯೇ? ಬಂದವರು ಅಲ್ಲಾಹನ ಸಂದೇಶವಾಹಕರು. ಯಾವ ಜಾಗ ಉತ್ತಮ ಎಂದು ಅವರೇ ನಿರ್ಧರಿಸಬಹುದಿತ್ತು. ಆದರೂ ಆ ಮನೆಯವನನ್ನು ಕೇಳಿದರು.

ಪ್ರಿಯ ಓದುಗರೇ, ಈ ಹದೀಸನ್ನು ಪಾಠ ಮಾಡುತ್ತಿದ್ದ ನಾನೇ ಒಂದು ತಪ್ಪು ಮಾಡಿದೆ. ಕೊಳ್ಳೇಗಾಲದ ಕಡೆಯ ನಮ್ಮ ಮದ್ರಸಕ್ಕೆ ಒಬ್ಬ ತಾಯಿ ಐದು ವರ್ಷದ ಮಗನನ್ನು ಕರೆತಂದಿದ್ದರು. ಮಗುವಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ಅಲಿಫ್ ಬಾ ಹೇಳಿಕೊಟ್ಟರೆ ಕೇಳಿಸಿಕೊಳ್ಳುವುದು ಹೇಗೆ, ಹೇಳುವುದು ಹೇಗೆ ಎಂದು ನಾನು ಕೇಳಿದೆ. ಈತನ ಮೇಲೆ ಕಲಿಕೆಯ ಹೊಣೆಯಿಲ್ಲ, ಅಲ್ಲಾಹನು ಕರುಣಾಮಯಿ ಎಂದು ಸಮಾಧಾನವನ್ನೂ ಹೇಳಿದೆ. ಆಕೆ ಏನೂ ಮಾತಾಡದೆ ಮಗನ ಕೈಹಿಡಿದು ಹೋದರು. ಮಗನಿಗೆ ಏನು ಕಲಿಸಬೇಕೆಂದು ಬಯಸುತ್ತೀರಿ ಎಂದು ನಾನು ಆ ದಿನ ಕೇಳಲಿಲ್ಲ.

ಒಂದೂವರೆ ವರ್ಷದ ಬಳಿಕ ಅದೇ ಮಗುವಿನ ತಂದೆ ಬಂದರು. ಅವರದ್ದು ದಿನಗೂಲಿಯ ಕೆಲಸ. "ಹಜ್ರತ್, ನೀವು ಕನ್ನಡ ಬಿ.ಎ. ಓದಿದವರಂತೆ. ಇವಳ ಜೊತೆ ಒಮ್ಮೆ ಆಸ್ಪತ್ರೆಗೆ ಬನ್ನಿ. ಅಲ್ಲಿ ಏನು ಹೇಳುತ್ತಾರೋ ನಮಗೆ ತಿಳಿಯುವುದಿಲ್ಲ" ಎಂದರು. ಮುಖ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ, ಹೋದೆ.

ಆ ಆಸ್ಪತ್ರೆಯಲ್ಲಿ ಕಂಡದ್ದನ್ನು ಹೇಳಬೇಕು. ಕೇಳುವ ಯಂತ್ರವನ್ನು ದಿನಕ್ಕೆ ಎಷ್ಟು ಹೊತ್ತು ಹಾಕುತ್ತೀರಿ ಎಂದು ಪರೀಕ್ಷಿಸಿದವರು ಕೇಳಿದರು. ತಾಯಿ "ಹೂಂ ಸಾರ್" ಎಂದರು. ಅರ್ಥವಾಯಿತೇ ಎಂದಾಗಲೂ "ಹೂಂ ಸಾರ್". ಜೊತೆಗಿದ್ದ ನಾಲ್ಕನೇ ತರಗತಿಯ ಅಕ್ಕನೇ ಅದುವರೆಗೂ ದುಭಾಷಿಯಾಗಿದ್ದವಳು. ವಿಚಾರಿಸಿ ನೋಡಿದರೆ, ಯಂತ್ರ ಕೊಟ್ಟ ದಿನ "ಇದನ್ನು ಜೋಪಾನವಾಗಿ ಇಟ್ಟುಕೊಳ್ಳಿ" ಎಂದಿದ್ದರಂತೆ. ಆ ಹುಡುಗಿ ಮಾತನ್ನು ಸರಿಯಾಗಿಯೇ ತಿರುಗಿಸಿ ಹೇಳಿದ್ದಳು. ತಾಯಿ ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದರು. ಹಬ್ಬಕ್ಕೆ, ಮದುವೆಗೆ ಮಾತ್ರ ಹೊರಗೆ ತೆಗೆಯುತ್ತಿದ್ದರು. ಹೀಗೆ ಎಂಟು ತಿಂಗಳು ಕಳೆದಿತ್ತು. ಮಗು ಎಚ್ಚರವಿರುವಷ್ಟು ಹೊತ್ತೂ ಕಿವಿಯಲ್ಲಿ ಇರಬೇಕಾದ ಯಂತ್ರ ಅದು. ಮಾತು ಕಲಿಯುವ ಎಳೆಯ ವಯಸ್ಸಿನಲ್ಲಿ ಕಳೆದುಹೋದ ತಿಂಗಳುಗಳನ್ನು ಮತ್ತೆ ಪಡೆಯುವುದು ಬಹಳ ಕಷ್ಟ. ಅಲ್ಲಿ ಯಾರನ್ನು ದೂರೋಣ? ಹೇಳಿದವರು ಹೇಳಿದ್ದರು, ಕೇಳಿದವರು ತಲೆಯಾಡಿಸಿದ್ದರು. ದೊಡ್ಡವರ ಎದುರಿನಲ್ಲಿ ತಿಳಿಯಲಿಲ್ಲ ಎನ್ನುವುದು ಅಗೌರವವೆಂದು ನಮ್ಮ ಹೆಂಗಸರು ಭಾವಿಸುತ್ತಾರೆ.

ಅದೇ ಬೆಂಚಿನಲ್ಲಿ ಬಿಳಿಗಿರಿರಂಗನ ಬೆಟ್ಟದ ಒಂದು ಪೋಡಿನಿಂದ ಬಂದ ಸೋಲಿಗರ ತಾಯಿಯೊಬ್ಬರು ಕುಳಿತಿದ್ದರು. ಅವರ ಮಗಳಿಗೂ ಕಿವಿಯದೇ ತೊಂದರೆ. ನಮ್ಮ ಮಾತು ಕೇಳಿಸಿಕೊಂಡು ಅವರಾಗಿಯೇ ಹೇಳಿದರು: "ಮಗೀಗೆ ನಿಮ್ ಮಾತು ಆಡ್ಬ್ಯಾಡಿ, ಪ್ಯಾಟೆ ಮಾತೇ ಆಡಿ ಅಂದವ್ರೆ. ನಂಗೆ ಬರೋದೇ ಅದೊಂದ್ ಮಾತು. ಅದ್ನೂ ಬಿಟ್ರೆ ಯಾವ ಮಾತ್ನಾಗೆ ಮುದ್ದು ಮಾಡ್ಲಿ?" ನನ್ನ ಜೊತೆಗಿದ್ದ ತಾಯಿ ತಟ್ಟನೆ ತಲೆಯೆತ್ತಿದರು. ಅವರಿಗೂ ಯಾರೋ ಹಾಗೆಯೇ ಹೇಳಿದ್ದರು: ಮನೆಯಲ್ಲಿ ಉರ್ದು ಬೇಡ, ಕನ್ನಡವೊಂದೇ ಸಾಕು. ಕನ್ನಡ ಬಾರದ ಆ ತಾಯಿ ಮಗುವಿನೊಡನೆ ಮಾತಾಡುವುದನ್ನೇ ನಿಲ್ಲಿಸಿದ್ದರು.

ಈ ಸಲಹೆ ನಮ್ಮ ಕಡೆ ಬಹಳ ಕೇಳಿಬರುತ್ತದೆ. ಎರಡು ಭಾಷೆಯಾದರೆ ಇಂಥ ಮಗುವಿಗೆ ಗೊಂದಲವಾಗುತ್ತದೆ ಎಂಬ ತಿಳಿವಳಿಕೆ ಹಿಂದೆ ತಜ್ಞರಲ್ಲೂ ಇತ್ತು. ಈಗಿನ ಅಧ್ಯಯನಗಳು ಅದನ್ನು ಒಪ್ಪುವುದಿಲ್ಲ. ಮಾತು ತಡವಾದ ಮಕ್ಕಳು, ಆಟಿಸಂ ಇರುವ ಮಕ್ಕಳು ಎರಡು ಭಾಷೆಯ ಮನೆಯಲ್ಲಿ ಬೆಳೆದ ಕಾರಣಕ್ಕೆ ಹಿಂದುಳಿಯುವುದಿಲ್ಲ. ತಾಯಿ ತನಗೆ ಚೆನ್ನಾಗಿ ಬರುವ ಭಾಷೆಯಲ್ಲಿ ಧಾರಾಳವಾಗಿ ಮಾತಾಡಬೇಕು. ನಾಲಿಗೆಗೆ ಒಗ್ಗದ ಭಾಷೆಯಲ್ಲಿ ನಾಲ್ಕೇ ಶಬ್ದ ಆಡಿದರೆ ಮಗುವಿಗೆ ಸಿಗುವುದೂ ನಾಲ್ಕೇ ಶಬ್ದ. ಕನ್ನಡ ಶಾಲೆಯಲ್ಲಿ, ಬೀದಿಯಲ್ಲಿ ಬಂದೇ ಬರುತ್ತದೆ. ಕನ್ನಡವನ್ನು ಪ್ರೀತಿಸಿ ಓದಿದವನಾಗಿಯೇ ಇದನ್ನು ಹೇಳುತ್ತಿದ್ದೇನೆ.

ನಮ್ಮ ಸೀಮೆಯನ್ನೇ ನೋಡಿ. ಕೊಳ್ಳೇಗಾಲ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹನೂರಿನಾಚೆ ಮಾರ್ಟಳ್ಳಿಯ ಸುತ್ತ ತಮಿಳು ಮಾತಾಡುವ ಕ್ರೈಸ್ತ ಕುಟುಂಬಗಳಿವೆ. ಒಡೆಯರಪಾಳ್ಯದಲ್ಲಿ ಟಿಬೆಟನ್ನರು ನೆಲೆಸಿದ್ದಾರೆ. ಬೆಟ್ಟದಲ್ಲಿ ಸೋಲಿಗರು, ಪೇಟೆಗಳಲ್ಲಿ ದಖ್ಖನಿ ಆಡುವ ನಾವು. ಇಷ್ಟು ಮನೆಗಳಿಗೂ ಒಂದೇ ಚೀಟಿಯಲ್ಲಿ ಒಂದೇ ಸಲಹೆ ಬರೆದುಕೊಟ್ಟರೆ ಅದು ತಲುಪುವುದಿಲ್ಲ. ಬೆಟ್ಟದ ಅನುಭವವೇ ಇದಕ್ಕೆ ಸಾಕ್ಷಿ. ಡಾ. ಎಚ್. ಸುದರ್ಶನ್ 1981ರಲ್ಲಿ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿ, ಸೋಲಿಗರ ಬದುಕಿನ ರೀತಿಯನ್ನು ಗೌರವಿಸುತ್ತಲೇ ಆಸ್ಪತ್ರೆ, ಶಾಲೆಗಳನ್ನು ಬೆಳೆಸಿದರು. 1994ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದಾಗಲೂ, ಗಿರಿಜನರ ಸಂಸ್ಕೃತಿಯೇ ಅವರ ಏಳಿಗೆಗೆ ನೆರವಾಗಬಲ್ಲದೆಂದು ತೋರಿಸಿಕೊಟ್ಟದ್ದನ್ನು ವಿಶೇಷವಾಗಿ ಗುರುತಿಸಲಾಗಿತ್ತು.

ಇನ್ನೊಂದು ಸಂಗತಿ ಯಳಂದೂರಿನದು. ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1990ರ ದಶಕದಲ್ಲಿ ಈ ತಾಲೂಕಿನ ಹಳ್ಳಿಗಳಲ್ಲಿ ಮೂರ್ಛೆರೋಗದ ಕುರಿತು ಕೆಲಸ ಮಾಡಿದರು. ಫಿನೊಬಾರ್ಬಿಟೋನ್, ಫೆನಿಟಾಯಿನ್ ಎಂಬ ಅಗ್ಗದ ಹಳೆಯ ಮಾತ್ರೆಗಳನ್ನೇ ರೋಗಿಗಳ ಊರಿನ ಹತ್ತಿರವೇ ತಪ್ಪದೆ ಒದಗಿಸಿದರೆ ಅನೇಕರ ಫಿಟ್ಸ್ ಹತೋಟಿಗೆ ಬರುತ್ತದೆಂದು ಕಂಡುಕೊಂಡರು. 2001ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಜಗತ್ತಿನ ವೈದ್ಯರು ಯಳಂದೂರಿನ ಹೆಸರು ಓದಿದರು. ಅದೇ ಸೀಮೆಯ ನಾವೋ, ಮಗುವಿಗೆ ಫಿಟ್ಸ್ ಬಂದರೆ ಇಂದಿಗೂ ಜಿನ್ನ್ ಹಿಡಿದಿದೆ ಎಂದು ತಾಯಿತ ಕಟ್ಟಿಸಲು ಊರೂರು ಅಲೆಯುತ್ತೇವೆ. ದುಆ ಮಾಡಬೇಡಿ ಎಂದು ನಾನು ಹೇಳುತ್ತಿಲ್ಲ. ಆದರೆ ತಾಯಿತ ಕಟ್ಟಿದವರ ಮಾತು ಕೇಳಿ ಮಾತ್ರೆಯನ್ನು ಏಕಾಏಕಿ ನಿಲ್ಲಿಸುವುದು ಮಗುವಿನ ಪ್ರಾಣಕ್ಕೇ ಅಪಾಯ.

ಪ್ರವಾದಿವರ್ಯರ(ಸ) ಬಳಿಗೆ ಇದೇ ಕಾಯಿಲೆಯ ಕಪ್ಪು ವರ್ಣದ ಮಹಿಳೆಯೊಬ್ಬರು ಬಂದಿದ್ದರು. ಸಹನೆಯಿಂದಿದ್ದರೆ ಸ್ವರ್ಗವಿದೆ, ಇಲ್ಲವೇ ಗುಣವಾಗಲೆಂದು ಪ್ರಾರ್ಥಿಸುತ್ತೇನೆ ಎಂದು ಅವರು ಆಯ್ಕೆಯನ್ನು ಆಕೆಗೇ ಬಿಟ್ಟರು. ಆಕೆ ಸಹನೆಯನ್ನು ಆರಿಸಿಕೊಂಡರು. ಆದರೆ ರೋಗ ಬಂದಾಗ ಮೈಮೇಲಿನ ಬಟ್ಟೆ ಸರಿದುಹೋಗುತ್ತದೆ, ಹಾಗಾಗದಂತೆ ಪ್ರಾರ್ಥಿಸಿರಿ ಎಂದರು. ಪ್ರವಾದಿವರ್ಯರು(ಸ) ಅದಕ್ಕಾಗಿಯೇ ಪ್ರಾರ್ಥಿಸಿದರು. ಔಷಧ ಬೇಡವೆಂಬುದಕ್ಕೆ ಇದನ್ನು ಆಧಾರ ಮಾಡಿಕೊಳ್ಳಬಾರದು. ಚಿಕಿತ್ಸೆ ಪಡೆಯಿರಿ ಎಂದು ಅವರೇ ಬೇರೆಡೆ ಆಜ್ಞಾಪಿಸಿದ್ದಾರೆ. ನಾನು ಇಲ್ಲಿ ಕಾಣುವುದು ಬೇರೆ. ಆಕೆಗೆ ರೋಗಕ್ಕಿಂತ ಹೆಚ್ಚು ನೋವು ಕೊಡುತ್ತಿದ್ದುದು ಜನರೆದುರಿನ ಮಾನಹಾನಿ. ಕೇಳದೇ ಹೋಗಿದ್ದರೆ ಅದು ಯಾರಿಗೂ ತಿಳಿಯುತ್ತಿರಲಿಲ್ಲ.

ನಮ್ಮ ಮನೆಗಳಲ್ಲಿ ಆ ಮಾನಹಾನಿಯ ಹೊರೆ ಬೀಳುವುದು ಹೆಚ್ಚಾಗಿ ತಾಯಿಯ ತಲೆಗೆ. ಗ್ರಹಣ ನೋಡಿದಳು, ಅತ್ತೆಯ ಶಾಪ ತಟ್ಟಿತು, ಮಾಡಿದ ಪಾಪದ ಫಲ ಎಂದೆಲ್ಲ ಹೇಳುತ್ತಾರೆ. ಒಬ್ಬರ ಪಾಪದ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲವೆಂದು ಪವಿತ್ರ ಕುರ್‌ಆನ್ ಸ್ಪಷ್ಟಪಡಿಸಿರುವಾಗ ಮುಸ್ಲಿಮನ ಬಾಯಲ್ಲಿ ಈ ಮಾತು ಬರುವುದಾದರೂ ಹೇಗೆ? ಕಾರಣ ತಿಳಿಯಬೇಕಿದ್ದರೆ ಅದಕ್ಕೆ ವಿದ್ಯೆ ಇದೆ. ಸೋಲಿಗರಲ್ಲಿ ಕಂಡುಬರುವ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಯನ್ನೇ ತೆಗೆದುಕೊಳ್ಳಿ. ತಂದೆ ತಾಯಿ ಇಬ್ಬರಲ್ಲೂ ಅದರ ಅಂಶ ಅಡಗಿದ್ದರೆ ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಕಾಯಿಲೆ ಬರುವ ಸಂಭವ. ಇಬ್ಬರದೂ ಸಮಪಾಲು; ತಾಯಿಯೊಬ್ಬಳದೇ ಅಲ್ಲ. ನಮ್ಮಲ್ಲಿ ಚಿಕ್ಕಪ್ಪ, ದೊಡ್ಡಪ್ಪ, ಮಾವಂದಿರ ಮಕ್ಕಳೊಳಗಿನ ಮದುವೆ ಧರ್ಮಸಮ್ಮತ, ಆದರೆ ಕಡ್ಡಾಯವಲ್ಲ. ಒಂದೇ ಕುಟುಂಬದಲ್ಲಿ ಕಿವುಡುತನವೋ ಇನ್ನೊಂದೋ ಮರುಕಳಿಸುತ್ತಿದ್ದರೆ ನಿಕಾಹ್‌ಗೆ ಮುನ್ನ ವೈದ್ಯರನ್ನು ಕೇಳುವುದರಲ್ಲಿ ಯಾವ ಅವಮಾನವೂ ಇಲ್ಲ.

ಹಕ್ಕಿನ ವಿಷಯವನ್ನೂ ಹೇಳಿಬಿಡುತ್ತೇನೆ. 1995ರ ಕಾಯಿದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಿದ್ದವು. 2016ರ ಹೊಸ ಕಾಯಿದೆ ಅದನ್ನು 21ಕ್ಕೆ ಏರಿಸಿತು. ಸಿಕಲ್ ಸೆಲ್, ಥಲಸ್ಸೇಮಿಯ, ಆಟಿಸಂ, ಕಲಿಕೆಯ ತೊಂದರೆ ಎಲ್ಲವೂ ಅದರಲ್ಲಿವೆ. ಶೇಕಡಾ 40 ಅಥವಾ ಹೆಚ್ಚಿನ ವೈಕಲ್ಯವುಳ್ಳ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ಯುಡಿಐಡಿ ಚೀಟಿ ಮಾಡಿಸಿರಿ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ವಿಕಲಚೇತನರಿಗಾಗಿ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರನ್ನು ಕಾಣಿರಿ. ಕಿವಿ, ಮಾತಿನ ತೊಂದರೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಇವೆಲ್ಲ ಗೊತ್ತಿದ್ದೂ ನಮ್ಮವರು ಹೋಗದಿರುವುದಕ್ಕೆ ಅರ್ಜಿಯ ಭಾಷೆಯೂ ಒಂದು ಕಾರಣ, ಹೆಣ್ಣುಮಗುವಿನ ಹೆಸರು ಪಟ್ಟಿಯಲ್ಲಿ ಬಂದರೆ ಅವಳ ಅಕ್ಕಂದಿರಿಗೆ ಸಂಬಂಧ ಬರಲಾರದೆಂಬ ಭಯವೂ ಒಂದು ಕಾರಣ. ಮೊದಲನೆಯದಕ್ಕೆ ಓದು ಬರಹ ಬಲ್ಲ ಒಬ್ಬ ಯುವಕ ಜೊತೆಗೆ ಹೋದರೆ ಸಾಕು. ಎರಡನೆಯದಕ್ಕೆ ಜಮಾಅತ್‌ನ ಹಿರಿಯರೇ ತಮ್ಮ ಮಕ್ಕಳಿಗೆ ಅಂಥ ಮನೆಯಿಂದ ಸಂಬಂಧ ತರಬೇಕು. ಬರಿಯ ಉಪದೇಶದಿಂದ ಆ ಭಯ ಹೋಗದು.

ಹಾಗೆ ಜೊತೆಗೆ ಹೋಗುವ ಯುವಕನಿಗೆ ಒಂದು ಮಾತು. ತಾಯಿ ತಲೆಯಾಡಿಸಿದರೆ ಅರ್ಥವಾಯಿತೆಂದು ತಿಳಿಯಬೇಡ. ಮನೆಗೆ ಹೋಗಿ ಏನು ಮಾಡುತ್ತೀರಿ ಎಂದು ಅವರ ಬಾಯಿಂದಲೇ ಹೇಳಿಸು. ಮನೆಯ ಸಣ್ಣ ಮಕ್ಕಳ ಹೆಗಲ ಮೇಲೆ ದುಭಾಷಿಯ ಕೆಲಸ ಹೊರಿಸಬೇಡ. ಪಕ್ಕದ ಬೆಂಚಿನಲ್ಲಿ ಸೋಲಿಗರ, ತಮಿಳರ ತಾಯಿ ಕುಳಿತಿದ್ದರೆ ಅವರ ಚೀಟಿಯನ್ನೂ ಓದಿ ಹೇಳು. ಸಮೀಪದ ನೆರೆಯವನಿಗೂ ಅಪರಿಚಿತ ನೆರೆಯವನಿಗೂ ಒಳಿತು ಮಾಡಬೇಕೆಂಬ ಆಜ್ಞೆಯಲ್ಲಿ ಜಾತಿ ಮತಗಳ ವಿಂಗಡಣೆಯಿಲ್ಲ.

ಆ ದಿನ ಬಸ್ಸಿನಲ್ಲಿ ಹಿಂದಿರುಗುವಾಗ ನಾನು ಆ ತಾಯಿಯಲ್ಲಿ ಕ್ಷಮೆ ಕೇಳಿದೆ. ಮೂಗರ ಸ್ಪಷ್ಟವಾದ ಸನ್ನೆಯನ್ನು ಮಾತಿನ ಸ್ಥಾನದಲ್ಲೇ ಸ್ವೀಕರಿಸಬೇಕು, ಅವರ ನಿಕಾಹ್ ಸನ್ನೆಯಿಂದಲೇ ಸಿಂಧುವಾಗುತ್ತದೆ ಎಂದು ಫಿಕ್ಹ್ ಗ್ರಂಥಗಳಲ್ಲಿ ಓದಿದ್ದ ನನಗೆ ಒಂದೂವರೆ ವರ್ಷದ ಹಿಂದೆ ಅದು ನೆನಪಾಗಿರಲಿಲ್ಲ. ನಿಮ್ಮ ಮಗನಿಗೆ ನಾನು ಏನು ಕಲಿಸಬೇಕು ಎಂದು ಕೇಳಿದೆ. ಆಕೆ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದರು. "ಜುಮಾ ದಿನ ಅವನ ಅಪ್ಪನ ಜೊತೆ ಸಾಲಿನಲ್ಲಿ ನಿಂತುಕೊಳ್ಳುವುದನ್ನು ಕಲಿಸಿ ಹಜ್ರತ್. ಎಲ್ಲರೂ ಎದ್ದಾಗ ಏಳಬೇಕು, ಬಾಗಿದಾಗ ಬಾಗಬೇಕು. ಅಷ್ಟು ಸಾಕು" ಎಂದರು.

ನಿಲ್ಲುವುದು, ಬಾಗುವುದು ಎರಡೇ ದಿನದಲ್ಲಿ ಬಂತು. ಹುಡುಗನ ಕಣ್ಣು ಬಹಳ ಚುರುಕು. ತೊಂದರೆಯಾದದ್ದು ಸಜ್ದಾದಲ್ಲಿ. ಹಣೆ ನೆಲದ ಮೇಲಿರುವಾಗ ಕಣ್ಣಿಗೆ ಯಾರೂ ಕಾಣುವುದಿಲ್ಲ, ತಕ್ಬೀರ್ ಅವನಿಗೆ ಸರಿಯಾಗಿ ಕೇಳಿಸದು. ಎಲ್ಲರೂ ಎದ್ದು ಕುಳಿತರೂ ಆತ ಹಾಗೆಯೇ ಇರುತ್ತಿದ್ದ. ಇದಕ್ಕೆ ದಾರಿ ಕಂಡವನು ನಾನಲ್ಲ, ಪಕ್ಕದಲ್ಲಿ ನಿಲ್ಲುವ ಏಳು ವರ್ಷದ ಇನ್ನೊಬ್ಬ ಹುಡುಗ. ಏಳುವಾಗ ತನ್ನ ಮೊಣಕೈಯನ್ನು ಮೆಲ್ಲನೆ ಅವನ ಮೊಣಕೈಗೆ ತಾಗಿಸುತ್ತಾನೆ.