ಬಾಗಿಲ ಹತ್ತಿರ ಬರುವ ಮಾತು

ಶಿರಸಿಯಲ್ಲಿ ಆಯುರ್ವೇದ ಕ್ಲಿನಿಕ್ ಇಟ್ಟು 21 ವರ್ಷವಾಯಿತು. ನಲವತ್ತು ದಾಟಿದ ಹೆಂಗಸರು ನನ್ನೆದುರು ಕೂತು ಹೇಳುವುದು ಮಂಡಿನೋವು, ತಲೆಸುತ್ತು, ನಿದ್ದೆಗೇಡು. ಮುಟ್ಟಿನ ವಿಷಯ ಬರುವುದು ಎದ್ದು ಹೊರಟ ಮೇಲೆ, ಬಾಗಿಲ ಹತ್ತಿರ ನಿಂತು, ದನಿ ತಗ್ಗಿಸಿ: "ಇನ್ನೊಂದು ಹೇಳುದಿತ್ತು ಡಾಕ್ಟ್ರೇ..." ಅವರನ್ನು ಮತ್ತೆ ಕರೆದು ಕೂರಿಸಿ ನಾನು ಕಲಿತದ್ದು ಇಷ್ಟು.

1. ಔಷಧಿಗಿಂತ ಮೊದಲು ಕ್ಯಾಲೆಂಡರ್

ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಿನಲ್ಲೇ ಮುಟ್ಟಾದ ದಿನಕ್ಕೊಂದು ಚುಕ್ಕಿ, ಹೆಚ್ಚು ಹೋದ ದಿನಕ್ಕೆ ಎರಡು, ರಾತ್ರಿ ಬೆವೆತು ಎದ್ದರೆ ಒಂದು ಗೀಟು. ಮೂರು ತಿಂಗಳ ಹಾಳೆ ಕೈಗೆ ಬಂದರೆ ನನ್ನ ಅರ್ಧ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಇರುತ್ತದೆ. ಸುಶ್ರುತ ಸಂಹಿತೆ ಮುಟ್ಟು ನಿಲ್ಲುವ ವಯಸ್ಸು 50 ಎನ್ನುತ್ತದೆ. ನಮ್ಮ ದೇಶದ ಹೆಂಗಸರಲ್ಲಿ ಈಗ ಅದು ಸರಾಸರಿ 46–47. ಏರುಪೇರು ಶುರುವಾಗುವುದು ಅದಕ್ಕೂ ಕೆಲವು ವರ್ಷ ಮೊದಲು. ಸತತ 12 ತಿಂಗಳು ಮುಟ್ಟಾಗದಿದ್ದರೆ ಮಾತ್ರ ನಿಂತಿತು ಎನ್ನಬೇಕು. 44ರ ಒಬ್ಬರು "ನಿಂತೇ ಹೋಯ್ತು" ಎಂದು ಬಂದಿದ್ದರು. ಪರೀಕ್ಷೆ ಮಾಡಿಸಿದರೆ ಬಸುರಿ. ಅಂದಿನಿಂದ ಆ ಪರೀಕ್ಷೆಯಾಗದೆ ನಾನು ಚೀಟಿ ಬರೆಯುವುದಿಲ್ಲ.

2. ರಕ್ತಸ್ರಾವದ ಮೂಲ ತಿಳಿಯದೆ ಅಶೋಕ ಬೇಡ

ಇದನ್ನು ಬರೆಯುವುದು ನನಗೆ ಕಷ್ಟ. ವೃತ್ತಿಯ ಆರಂಭದಲ್ಲಿ, ಮುಟ್ಟು ನಿಂತು ಒಂದೂವರೆ ವರ್ಷದ ಮೇಲೆ ಮತ್ತೆ ರಕ್ತ ಕಂಡ ಒಬ್ಬ ಅಕ್ಕನಿಗೆ ಅಶೋಕಾರಿಷ್ಟ ಕೊಟ್ಟೆ. ರಕ್ತ ಕಡಿಮೆಯಾಯಿತು, ಇಬ್ಬರಿಗೂ ಸಮಾಧಾನ. ಮೂರು ತಿಂಗಳ ಮೇಲೆ ಮತ್ತೆ ಕಂಡಾಗ ಸ್ಕ್ಯಾನಿಂಗಿಗೆ ಕಳಿಸಿದೆ. ಗರ್ಭಕೋಶದ ಒಳಪದರದಲ್ಲಿ ಕ್ಯಾನ್ಸರ್ ಇತ್ತು. ಶಸ್ತ್ರಚಿಕಿತ್ಸೆಯಾಗಿ ಅವರು ಚೆನ್ನಾಗಿದ್ದಾರೆ, ಆದರೆ ಆ ಮೂರು ತಿಂಗಳನ್ನು ವ್ಯರ್ಥ ಮಾಡಿದ್ದು ನಾನು. ಮುಟ್ಟು ನಿಂತ ಮೇಲೆ ಒಂದು ಹನಿ ಕಂಡರೂ ಈಗ ಮೊದಲು ಸ್ತ್ರೀರೋಗ ತಜ್ಞರು, ಸ್ಕ್ಯಾನಿಂಗ್, ಬೇಕಾದರೆ ಬಯಾಪ್ಸಿ. ಗಂಟೆಗೊಂದು ಪ್ಯಾಡ್ ತೋಯುತ್ತಿದ್ದರೆ ಅದೇ ದಿನ ಆಸ್ಪತ್ರೆ. ಹೆಚ್ಚು ಹೋಗುತ್ತಿರುವ ಎಲ್ಲರಿಗೂ ಹಿಮೋಗ್ಲೋಬಿನ್ ನೋಡುತ್ತೇನೆ; ಸುಸ್ತಿಗೆ ವಯಸ್ಸನ್ನು ದೂರುವವರಲ್ಲಿ ಎಷ್ಟೋ ಜನಕ್ಕೆ ರಕ್ತವೇ ಇರುವುದಿಲ್ಲ.

ಮೂಲ ತಿಳಿದ ಮೇಲೆ ಅಶೋಕ ಕೊಡುತ್ತೇನೆ, ತೊಗಟೆ ಅಸಲಿಯಾಗಿದ್ದರೆ. ಕಾಂಪೌಂಡಿನ ಪಕ್ಕ ಕಂಬದಂತೆ ನೆಟ್ಟಗೆ ಬೆಳೆಯುವ ಮರ ಔಷಧಿಯ ಅಶೋಕವಲ್ಲ, ಆದರೂ ಅದರ ತೊಗಟೆ ಮಾರುಕಟ್ಟೆಯಲ್ಲಿ ಬೆರೆಯುತ್ತದೆ. ನಿಜವಾದ ಅಶೋಕ ನಮ್ಮ ಘಟ್ಟದ ಕಾಡಿನದು, ಕಿತ್ತಳೆ–ಕೆಂಪು ಹೂಗೊಂಚಲಿನದು. ತೊಗಟೆ ಸುಲಿದು ಸುಲಿದೇ ಅಪರೂಪವಾಗಿದೆ. ಸಕ್ಕರೆ ಕಾಯಿಲೆಯವರಿಗೆ ಅರಿಷ್ಟದಲ್ಲಿ ಬೆಲ್ಲವಿದೆ ಎಂದು ಹೇಳಲೇಬೇಕು. ಹುದುಗಿನಿಂದ ತಾನಾಗಿ ಹುಟ್ಟಿದ ಮದ್ಯಸಾರವೂ ಅದರಲ್ಲಿರುತ್ತದೆ.

3. ನಿದ್ದೆಯಿಂದ ಶುರುಮಾಡಿ

"ಸೊಸೆ ಮೇಲೆ ಸುಮ್ಮಸುಮ್ಮನೆ ರೇಗ್ತೇನೆ" ಎನ್ನುವವರನ್ನು ರಾತ್ರಿಯ ಬಗ್ಗೆ ಕೇಳಿ. ಎರಡು ಗಂಟೆಗೆ ಎದೆಯಿಂದ ಮುಖಕ್ಕೆ ಕಾವು ಏರಿ, ಬೆವೆತು, ಮತ್ತೆ ಕಣ್ಣು ಮುಚ್ಚಿರುವುದಿಲ್ಲ. ಅವರ ಸಂಜೆಯ ಚಹಾ ಬಿಡಿಸಿ ಕೊತ್ತಂಬರಿ–ಜೀರಿಗೆ ಕಷಾಯಕ್ಕೆ ತರುತ್ತೇನೆ. ಆಮೇಲೆ ಅಶ್ವಗಂಧ, ನಮ್ಮವರ ಹಿರೇಮದ್ದು: ಬೇರಿನ ಪುಡಿ ಮಾತ್ರ, ರಾತ್ರಿ ಹಾಲಿನ ಜೊತೆ, ಮೂರು ಗ್ರಾಂ ಒಳಗೆ. ಅದು ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು, ಹಾಗಾಗಿ ಟಿಎಸ್‌ಎಚ್ ನೋಡದೆ ಕೊಡುವುದಿಲ್ಲ. ಅಪರೂಪಕ್ಕೆ ಯಕೃತ್ತಿಗೂ ಪೆಟ್ಟು ಬಿದ್ದದ್ದಿದೆ. ಕಣ್ಣು, ಮೂತ್ರ ಹಳದಿಯಾದರೆ ತಕ್ಷಣ ನಿಲ್ಲಿಸಿ ಬನ್ನಿ ಎನ್ನುತ್ತೇನೆ. ಎಂಟು ವಾರದಲ್ಲಿ ಕ್ಯಾಲೆಂಡರಿನ ಗೀಟು ಕಡಿಮೆಯಾಗದಿದ್ದರೆ ಅದನ್ನೇ ಎಳೆದುಕೊಂಡು ಹೋಗುವುದಿಲ್ಲ.

4. ತಂಬುಳಿಗೆ ತಂಬುಳಿಯ ಜಾಗ

ಒಂದೆಲಗದ ತಂಬುಳಿ, ಲಾವಂಚದ ನೀರು, ಮುರುಗಲ ಪಾನಕ ಎಲ್ಲವನ್ನೂ ಹೇಳುತ್ತೇನೆ. ಬಾಯಿಗೆ ಹಿತ, ಹೊಟ್ಟೆಗೆ ತಂಪು. ಇವುಗಳಿಂದ ಕಾವೇರುವುದು ನಿಂತೇಬಿಡುತ್ತದೆ ಎಂದು ಮಾತ್ರ ಯಾರಿಗೂ ಮಾತು ಕೊಟ್ಟಿಲ್ಲ. ಶತಾವರಿಗೆ ನಮ್ಮ ಕಡೆ ಹಲವು ಮಕ್ಕಳ ತಾಯಿ ಬೇರು ಎಂಬ ಹೆಸರಿದೆ. ಮೈ ಬಾಡಿ ಒಣಗಿದವರಿಗೆ ಹಾಲಿನಲ್ಲಿ ಕಾಯಿಸಿ ಕೊಡುತ್ತೇನೆ. ಈಸ್ಟ್ರೋಜನ್ ಹೋಲುವ ಗುಣ ಅದಕ್ಕಿರಬಹುದಾದ್ದರಿಂದ ಸ್ತನದ ಕ್ಯಾನ್ಸರ್ ಆದವರಿಗೆ ಕೊಡುವುದಿಲ್ಲ.

5. ಮಾತ್ರೆಗಳ ಚೀಲ ತರಿಸಿ

ಹೇಳಿದರೆ ಮರೆಯುತ್ತಾರೆ, ಚೀಲವನ್ನೇ ತಂದರೆ ಮರೆಯಲಾಗದು. ಬಿಪಿಗೆ ಮಾತ್ರೆ ನುಂಗುತ್ತ, ಕೆಮ್ಮಿಗೆಂದು ತಿಂಗಳುಗಟ್ಟಲೆ ಜೇಷ್ಠಮಧು ಜಗಿಯುವವರಿದ್ದಾರೆ. ಅದು ಬಿಪಿ ಏರಿಸುತ್ತದೆ. ಲೇಬಲ್ ಇಲ್ಲದ ಪುಡಿ ಯಾರು ಕೊಟ್ಟದ್ದಾದರೂ ಸರಿ, ನಿಲ್ಲಿಸುತ್ತೇನೆ.

6. ಆಪರೇಷನ್ ಆಗಿದ್ದರೆ ಡಿಸ್ಚಾರ್ಜ್ ಚೀಟಿ ಓದಿ

39ರ ಒಬ್ಬರು ಮೈಯುರಿ, ಸಂದುನೋವೆಂದು ಬಂದರು. ಮೂರು ವರ್ಷದ ಹಿಂದೆ "ಗರ್ಭಕೋಶ ತೆಗೆದಿದಾರೆ" ಅಂದರು. ಚೀಟಿ ತರಿಸಿದೆ. ಎರಡೂ ಅಂಡಾಶಯ ತೆಗೆದಿದ್ದರು. ಅಷ್ಟು ಚಿಕ್ಕ ವಯಸ್ಸಿಗೆ ಈಸ್ಟ್ರೋಜನ್ ಒಮ್ಮೆಲೇ ನಿಂತರೆ ಮೂಳೆ ಸವೆಯುತ್ತದೆ, ಹೃದಯಕ್ಕೂ ಹೊರೆ. ಅದನ್ನು ನನ್ನ ಯಾವ ಬೇರೂ ತುಂಬಿಕೊಡದು. ಹಾರ್ಮೋನ್ ಚಿಕಿತ್ಸೆಗೆಂದು ಸ್ತ್ರೀರೋಗ ತಜ್ಞರಿಗೆ ಪತ್ರ ಬರೆದುಕೊಟ್ಟೆ. ಅವರು ಪತ್ರ ಮಡಿಸುತ್ತ ಕೇಳಿದರು: "ಎರಡೂ ತೆಗೆದದ್ದು ನಂಗ್ಯಾಕೆ ಯಾರೂ ಹೇಳ್ಲಿಲ್ಲ ಡಾಕ್ಟ್ರೇ?" ಅವತ್ತು ಅವರಿಗೆ ಚೀಟಿಯ ಒಂದೊಂದು ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿದೆ. ಹೊರಗೆ ಕಾಯುತ್ತಿದ್ದವರು ಮುಕ್ಕಾಲು ಗಂಟೆ ಕಾದರು.