ಅತ್ತಿಗೆಯ ಕೈ

ಅತ್ತಿಗೆ ಕೈ ತೊಳೆಯುತ್ತಿದ್ದಳು. ಮತ್ತೆ ಮತ್ತೆ ತೊಳೆಯುತ್ತಿದ್ದಳು. ಕೊಡದ ನೀರೆಲ್ಲ ಖಾಲಿ. ಚರ್ಮ ಬಿರಿದು ರಕ್ತ ಬಂದಿತ್ತು.

"ಸಾಕು ಬಿಡು ಅತ್ತಿಗೆ" ಎಂದೆ.

"ಸಾಕು ಅಂತ ನಂಗೂ ಗೊತ್ತು ಕಣೇ. ಮನಸ್ಸು ಬಿಡಲ್ಲ. ಕೊಳೆ ಹೋಗಿಲ್ಲ, ಮಗೂಗೆ ಏನಾದ್ರೂ ಆಗುತ್ತೆ ಅನ್ಸುತ್ತೆ" ಎಂದು ಅತ್ತಳು. ಮಗುವನ್ನು ಎತ್ತಿಕೊಳ್ಳಲೂ ಹೆದರುತ್ತಿದ್ದಳು.

ಅಮ್ಮ ಬೈದಳು. ಅಣ್ಣ ತಾಯತ ಕಟ್ಟಿಸಿದ. ಕಡಿಮೆ ಆಗಲಿಲ್ಲ.

ಆಶಾ ಕಾರ್ಯಕರ್ತೆ ಮನೆಗೆ ಬಂದರು. "ಇದು ದೆವ್ವ ಅಲ್ಲ, ಕೊಬ್ಬೂ ಅಲ್ಲ. ಗೀಳು ಕಾಯಿಲೆ ಇರಬಹುದು. ಡಾಕ್ಟರಿಗೆ ತೋರಿಸಿ" ಎಂದರು.

ಜಿಲ್ಲಾ ಆಸ್ಪತ್ರೆಗೆ ಹೋದೆವು. ಮನೋವೈದ್ಯರು ಮಾತ್ರೆ ಕೊಟ್ಟರು. "ಗುಣ ಕಾಣಲು 6ರಿಂದ 12 ವಾರ ಬೇಕು. ನಡುವೆ ಬಿಡಬೇಡಿ" ಎಂದರು. ಒಂದು ಅಭ್ಯಾಸವನ್ನೂ ಮಾಡಿಸಿದರು. ಬಾಗಿಲು ಮುಟ್ಟಬೇಕು. ಕೈ ತೊಳೆಯಬಾರದು. ಮೊದಲು ಎದೆ ಹೊಡೆದುಕೊಳ್ಳುತ್ತದೆ. ಕಾದರೆ ಭಯ ತಾನೇ ಇಳಿಯುತ್ತದೆ. ದಿನಾ ಸ್ವಲ್ಪ ಸ್ವಲ್ಪ ಮಾಡಬೇಕು.

ಈಗ ಅತ್ತಿಗೆ ಮಗುವನ್ನು ಎತ್ತಿ ಮುದ್ದಾಡುತ್ತಾಳೆ. ಮಾತ್ರೆ ಇನ್ನೂ ಬಿಟ್ಟಿಲ್ಲ.

ನಿಮ್ಮ ಮನೆಯಲ್ಲೂ ಹೀಗಿದೆಯೇ? ಬೈಯಬೇಡಿ. ಮುಚ್ಚಿಡಬೇಡಿ. 14416ಕ್ಕೆ ಫೋನ್ ಮಾಡಿ. ಇದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್. ಕನ್ನಡದಲ್ಲೇ ಮಾತಾಡಬಹುದು. ದುಡ್ಡು ಕೊಡಬೇಕಿಲ್ಲ.

ಯೋಚಿಸಿ ಹೇಳಿ: ಬೈದರೆ ಅತ್ತಿಗೆಗೆ ಯಾಕೆ ಗುಣವಾಗಲಿಲ್ಲ?